ಮಾಮಾ ಎಣಿಸಿದ ಆಯುಷ್ಯ

ನನ್ನ ಸೋದರಮಾವನ ಕೈಯಲ್ಲಿ ಸತ್ತವರ ಸಂಖ್ಯೆ ದೊಡ್ಡದು. ಹೆದರಬೇಡಿ, ಅವರಲ್ಲಿ ಬಹುತೇಕರು ಇನ್ನೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾರೆ! ಮಾಮಾ ಅವರನ್ನು ಕೊಂದದ್ದು ಜಾತಕದಲ್ಲಿ ಮಾತ್ರ.

ಎಂಬತ್ತರ ದಶಕದಲ್ಲಿ ಮಾಮಾ ನಿಪ್ಪಾಣಿಯ ತಂಬಾಕಿನ ವಖಾರಿಯೊಂದರಲ್ಲಿ ಲೆಕ್ಕ ಬರೆಯುವ ಮುನೀಮರು. ಹಗಲು ಎಲೆ ಮೂಸಿ ತಂಬಾಕಿನ ದರ್ಜೆ ಹೇಳುವುದು, ಸಂಜೆ ಕುಂಡಲಿ ನೋಡಿ ಮನುಷ್ಯರ ದರ್ಜೆ ಹೇಳುವುದು: ಅಲ್ಪಾಯು, ಮಧ್ಯಾಯು, ಪೂರ್ಣಾಯು. ಯಾರಾದರೂ ನೆಗಡಿ ಎಂದರೆ ಸಾಕು, ಆಯುಷ್ಯದ ಸ್ಥಾನವಾದ ಎಂಟನೆಯ ಮನೆಯಲ್ಲಿ ಯಾವ ಗ್ರಹ ಕೂತಿದೆಯೆಂದು ವಿಚಾರಿಸುತ್ತಿದ್ದರು. ಎರಡನೆಯ ಮನೆ ಕುಟುಂಬದ್ದು, ಏಳನೆಯದು ಹೆಂಡತಿಯದು. ಶಾಸ್ತ್ರದ ಪ್ರಕಾರ ಎರಡೂ ಮಾರಕ ಸ್ಥಾನಗಳು! ಇದನ್ನು ಅವರು ಕರೋಶಿಯ ಮದುವೆಯೊಂದರಲ್ಲಿ, ಅಕ್ಷತೆ ಕೈಯಲ್ಲಿ ಹಿಡಿದುಕೊಂಡೇ ವರನಿಗೆ ವಿವರಿಸಿದರು. ವರನ ಮುಖ ಹೇಗಾಗಿರಬೇಡ? ಬೀಗರು ಮಾಮಾನನ್ನು ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿ, ಸಿಕ್ಕ ಮೊದಲ ಬಸ್ಸಿಗೇ ಹತ್ತಿಸಿ ಕಳಿಸಿದರು.

ಜುಗೂಳದ ನಮ್ಮ ದಾಯಾದಿಯೊಬ್ಬನಿಗೆ ನೀರಿನಿಂದ ಗಂಡಾಂತರವಿದೆ ಎಂದು ಹೇಳಿದ್ದೂ ಇವರೇ. ಆತ ಮೊದಲು ಕೃಷ್ಣೆಗೆ ಇಳಿಯುವುದನ್ನು ಬಿಟ್ಟ. ಕೊಡದ ನೀರೂ ನೀರೇ ಅಲ್ಲವೇ ಎಂದು ಆಮೇಲೆ ಮನೆಯಲ್ಲಿ ಸ್ನಾನ ಮಾಡುವುದನ್ನೂ ಬಿಟ್ಟ. ಅವನ ಹೆಂಡತಿ ಹಾಕಿದ ಶಾಪ ಶನಿಗೂ ತಟ್ಟಿರಬೇಕು. ಒಮ್ಮೆ ಮಾಮಾ ಬಸ್ಸಿನಲ್ಲಿ ಅವನ ಪಕ್ಕದಲ್ಲೇ ಕೂರಬೇಕಾಯಿತು. ಕಾಗವಾಡ ಬರುವುದರೊಳಗೆ ಮೂಗು ಮುಚ್ಚಿಕೊಂಡು ಗಂಡಾಂತರ ಕಳೆದುಹೋಗಿದೆ ಎಂದು ಘೋಷಿಸಿದರು.

ಇಷ್ಟೆಲ್ಲ ಮಾಡಿದವರು ತಮ್ಮನ್ನು ಬಿಡುತ್ತಾರೆಯೇ? ಒಂದು ಶ್ರಾವಣದಲ್ಲಿ ತಮಗೇ ಶನಿಯ ಮಾರಕ ದಶೆ ಬಂತೆಂದು ಲೆಕ್ಕ ಹಾಕಿ, ಅಥಣಿ, ರಾಯಬಾಗದ ನೆಂಟರಿಗೆಲ್ಲ ಮುಂಗಡವಾಗಿ ಹೇಳಿ ಕಳಿಸಿದರು. ನೆಂಟರು ಗಂಟುಮೂಟೆಯೊಂದಿಗೆ ಬಂದಿಳಿದರು. ಮಾಮಾ ಮಡಿ ಧೋತರ ಉಟ್ಟು, ತಲೆದೆಸೆಗೆ ತುಳಸಿ ನೀರಿಟ್ಟುಕೊಂಡು ಮಲಗಿದರು. ಬಂದ ಮಂದಿ ಉಪವಾಸ ಇರಬಾರದೆಂದು ಮಾಮಿ ಹೋಳಿಗೆ ಮಾಡಿದರು. ಮಧ್ಯಾಹ್ನ ಅದರ ವಾಸನೆ ಪಡಸಾಲೆಗೆ ಬಂದದ್ದೇ, ಸಾಯುತ್ತಿದ್ದವರು ಒಂದು ಕಣ್ಣು ತೆರೆದು ಕೇಳಿದರು:

“ಕಟ್ಟಿನ ಸಾರೂ ಮಾಡೀರೇನ?”

ಉಂಡು ಕೈ ತೊಳೆದ ಮೇಲೆ ಅವರು ಕಂಡುಹಿಡಿದ ಪ್ರಕಾರ ತಪ್ಪು ಶನಿಯದಲ್ಲ. ತಾವು ಹುಟ್ಟಿದ ದಿನ ಮನೆಯ ಗಡಿಯಾರ ಹಿಂದೆ ಬಿದ್ದಿತ್ತಂತೆ!

ಕೆಲವು ವರ್ಷಗಳ ಮೇಲೆ ಮಾಮಿಯ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಮಿರಜದ ದವಾಖಾನೆಯ ಡಾಕ್ಟರು ಆಪರೇಷನ್ ಆಗಲೇಬೇಕು ಎಂದರು. ಮಾಮಿ ಒಪ್ಪಲಿಲ್ಲ. ಸಾಯುವುದಾದರೆ ಮನೆಯಲ್ಲೇ ಸಾಯುತ್ತೇನೆ ಎಂದು ದವಾಖಾನೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಮಕ್ಕಳು ಅತ್ತರು, ಡಾಕ್ಟರು ಗದರಿದರು, ಏನೂ ನಡೆಯಲಿಲ್ಲ. ಕೊನೆಗೆ ಮಾಮಿಯೇ ಮಾಮಾನ ಕಡೆ ತಿರುಗಿದರು.

“ಊರ ಮಂದಿದೆಲ್ಲಾ ನೋಡ್ತೀರಿ. ನಂದು ಎಟ್ಟ ಐತಿ ಹೇಳ್ರಿ. ಸುಳ್ಳ ಹೇಳಬ್ಯಾಡ್ರಿ.”

ಮಾಮಾ ಕಣ್ಣು ಮುಚ್ಚಿದರು. ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತ, ತುಟಿ ಅಲುಗಿಸುತ್ತ ಬಹಳ ಹೊತ್ತು ಕೂತರು. ಯಾರ ಜಾತಕಕ್ಕೂ ಅವರು ಅಷ್ಟು ಹೊತ್ತು ತೆಗೆದುಕೊಂಡದ್ದನ್ನು ನಾನು ಕಂಡಿರಲಿಲ್ಲ.

“ಪೂರ್ಣಾಯು ಐತಿ,” ಎಂದರು. “ಗುರುನ ದೃಷ್ಟಿ ಗಟ್ಟಿ ಬಿದ್ದೈತಿ. ಹೋಗಿ ಬಾ.”

ಮಾಮಿ ಕುಂಕುಮ ಸರಿಮಾಡಿಕೊಂಡು ತಾವೇ ಸ್ಟ್ರೆಚರ್ ಏರಿದರು.

ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ನಾನು ಮಾಮಾನ ಪಕ್ಕ ಕೂತೆ. ಮಾಮಿಯ ಜಾತಕದಲ್ಲಿ ನಿಜವಾಗಿ ಏನಿದೆ ಎಂದು ಕೇಳಿದೆ.

“ಅಕಿ ಹೊಲದಾಗ ಹುಟ್ಟಿದಾಕಿ. ವ್ಯಾಳೆ ಯಾರೂ ನೋಡಿಲ್ಲ. ಜಾತಕನ ಇಲ್ಲ.”

“ಮತ್ತ ಅಷ್ಟೊತ್ತು ಏನ ಎಣಿಸಿದ್ರಿ ಮಾಮಾ?”

ಮುಚ್ಚಿದ ಬಾಗಿಲಿನಿಂದ ಅವರು ಕಣ್ಣು ಕೀಳಲಿಲ್ಲ.

“ಎಣಿಸಲಿಲ್ಲೋ. ಬೇಡ್ಕೊಂಡೆ.”

ಮಧ್ಯಾಹ್ನ ಡಾಕ್ಟರು ಹೊರಬಂದು, ಗಡ್ಡೆ ತೆಗೆದಾಯಿತು, ಜೀವಕ್ಕೆ ಭಯವಿಲ್ಲ ಎಂದರು. ಮಾಮಾ ಅವರ ಎರಡೂ ಕೈ ಹಿಡಿದುಕೊಂಡರು. ಡಾಕ್ಟರು ಬಿಡಿಸಿಕೊಳ್ಳಲು ನೋಡಿದರೂ ಬಿಡಲಿಲ್ಲ.