ಎಂಟು ಬಂದರಿನ ನೀರು

ಮಳಖೇಡ ಇನ್ನೂ ಒಂದು ಮೈಲಿ ಇರುವಾಗ ಕಲಬುರಗಿ–ಸೇಡಂ ಬಸ್ಸಿನ ಹಿಂದಿನ ಗಾಲಿ ಗುಂಡಿಗೆ ಬಿತ್ತು. ಆನಂದತೀರ್ಥ ಮಾಸ್ತರರ ಕಾಲ ಬಳಿಯ ಚೀಲದಲ್ಲಿ ಎಂಟು ಗಾಜಿನ ಬಾಟಲಿಗಳು ಒಂದಕ್ಕೊಂದು ತಾಗಿ ಖಣಖಣ ಎಂದವು. ತುಂಬಿದ ಬಾಟಲಿ ಹಾಗೆ ಸದ್ದು ಮಾಡುವುದಿಲ್ಲ. ಅವು ಖಾಲಿ ಇರುವುದು ಮಾಸ್ತರರಿಗೆ ಆಗಲೇ ನೆನಪಾಯಿತು.

ಇಪ್ಪತ್ತಾರು ವರ್ಷ ಸೇಡಂನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದ ಮನುಷ್ಯ. ಕಾರವಾರದಿಂದ ಮಂಗಳೂರಿನ ತನಕ ಬಂದರುಗಳನ್ನು ಕೋಲಿನಿಂದ ಮುಟ್ಟಿ ಮುಟ್ಟಿ ನಕಾಶೆಯ ಆ ಅಂಚೇ ಹರಿದು ಹೋಗಿತ್ತು. ಸಮುದ್ರವನ್ನು ಮಾತ್ರ ಕಂಡಿರಲಿಲ್ಲ. ಅವರ ಹಳೆಯ ವಿದ್ಯಾರ್ಥಿ, ಕೊಡ್ಲಿ ಊರಿನ ಕಪಿಲ, ಈಗ ಕಾರವಾರದಲ್ಲಿ ಹಾಯಿದೋಣಿ ನಡೆಸುತ್ತಿದ್ದ. "ಬರ್ರಿ ಸರ್, ದಂಡಿ ಹಿಡ್ಕೊಂಡು ಮಂಗಳೂರ ತನಕ ಹೋಗೋಣು. ಎಂಟೂ ಬಂದರದಾಗ ನಿಲ್ಲಸ್ತೀನಿ" ಎಂದು ಕರೆದಿದ್ದ.

ಸುದ್ದಿ ಓಣಿಗೆ ಮುಟ್ಟಿದ್ದೇ ತಡ, ಎದುರುಮನೆಯ ರುಕ್ಮಿಣಿಬಾಯಿ ಎಂಟು ಬಾಟಲಿ ತೊಳೆದು, ಒಂದೊಂದಕ್ಕೂ ಬಂದರಿನ ಹೆಸರಿನ ಚೀಟಿ ಅಂಟಿಸಿ ತಂದುಕೊಟ್ಟರು. ಕಾಶಿಗೆ ಹೋದವರು ಗಂಗೆ ತರುವುದಿಲ್ಲವೇ, ಹಾಗೆ. "ಎಪ್ಪತ್ನಾಕಾತು ನಂಗ, ಸಮುದ್ರ ಕಂಡಿಲ್ಲ. ಒಂದೊಂದ್ ಬಂದರದ್ದು ಒಂದೊಂದ್ ಚಮಚ ತಲಿ ಮ್ಯಾಲ ಬಿದ್ರ ಸಾಕಪ್ಪ" ಎಂದಿದ್ದರು.

ಮಾಸ್ತರರು ದೋಣಿ ಹತ್ತಿದ್ದು ನಿಜ. ಅರ್ಧ ತಾಸಿನಲ್ಲಿ ಬೆಳಗಿನ ಉಪ್ಪಿಟ್ಟು, ಹಿಂದಿನ ದಿನದ ರೊಟ್ಟಿ, ಇಪ್ಪತ್ತಾರು ವರ್ಷದ ಭೂಗೋಳ ಎಲ್ಲವೂ ಹೊರಗೆ ಬಂದವು. "ದಂಡಿಗೆ ಬಿಡಪ್ಪಾ ಕಪಿಲ" ಎಂದು ಶಿಷ್ಯನ ಕಾಲು ಹಿಡಿಯುವುದೊಂದು ಬಾಕಿ ಇತ್ತು. ಕಾರವಾರದಲ್ಲೇ ಇಳಿದು, ಸಮುದ್ರ ಕಾಣದ ಕೋಣೆಯನ್ನೇ ಕೇಳಿ ಪಡೆದು, ಆರು ದಿನ ಮೊಸರನ್ನ ಉಂಡು ಮಲಗಿದರು. ಮನೆಗೆ ಮಾತ್ರ ದಿನಾ ಫೋನು, ಇವತ್ತು ಭಟ್ಕಳ, ಇವತ್ತು ಮಲ್ಪೆ. ಸುಳ್ಳು ಹೇಳುವ ಭರದಲ್ಲಿ ಮಂಚದ ಕೆಳಗಿನ ಬಾಟಲಿಗಳು ಮರೆತೇ ಹೋಗಿದ್ದವು. ಈಗ ಖಾಲಿ ಬಾಟಲಿ ಒಯ್ದರೆ ಸೇಡಂನಲ್ಲಿ ಮತ್ತೆ ನಕಾಶೆಯ ಮುಂದೆ ನಿಲ್ಲುವ ಹಾಗಿರಲಿಲ್ಲ.

ಮಳಖೇಡದಲ್ಲಿ ಇಳಿದೇಬಿಟ್ಟರು. ಎರಡು ಪಾಕೀಟು ಉಪ್ಪು ಕೊಂಡು ಕಾಗಿಣಾ ಹೊಳೆಯ ದಂಡೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಎಂಟೂ ಬಾಟಲಿಗೆ ಹೊಳೆನೀರು ತುಂಬಿದರು. ಎಲ್ಲ ಬಂದರಿಗೂ ಒಂದೇ ಅಳತೆ ಹಾಕುವಷ್ಟು ದಡ್ಡರಲ್ಲ. ಕಾರವಾರಕ್ಕೆ ಒಂದು ಮುಷ್ಟಿ, ಮಲ್ಪೆಗೆ ಒಂದೂವರೆ. ಕೊನೆಗೆ ಉಳಿದ ಹೊನ್ನಾವರದ ಬಾಟಲಿಗೆ ಕೈ ಹಾಕುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಮಾಸ್ತರರ, ಹೊಳಿ ನೀರಿಗಿ ಉಪ್ಪು ಯಾಕ ಹಾಕಾಕತ್ತೀರಿ?"

ಮಳಖೇಡದಿಂದ ಅವರದೇ ಓಣಿಗೆ ಬಳೆ ಮಾರಲು ಬರುವ ಜಾನಬಿ, ಬಟ್ಟೆ ಒಗೆಯುತ್ತ ಕೂತಿದ್ದಳು. ಮಾಸ್ತರರ ಕೈಯಿಂದ ಪಾಕೀಟು ಜಾರಿ ಹೊಳೆಗೆ ಬಿತ್ತು. "ಪ್ರಯೋಗ, ಜಾನಬಿ. ಸಾಲಿ ಪೋರಗೋಳಿಗಿ" ಎಂದು ಬಾಟಲಿ ಬಾಚಿಕೊಂಡು ಓಡಿದರು. ಹೊನ್ನಾವರ ಸಪ್ಪಗೇ ಉಳಿಯಿತು.

ಸೇಡಂನಲ್ಲಿ ಓಣಿಗೆ ಓಣಿಯೇ ನೆರೆದಿತ್ತು. ಹೆಂಡತಿ ರಂಜನಾ ಆರತಿ ಹಿಡಿದಿದ್ದಳು, ಹೆಡ್‌ಮಾಸ್ತರ ಗುರುಲಿಂಗಯ್ಯ ಶಾಲು ಹಿಡಿದಿದ್ದರು. ಮಾಸ್ತರರನ್ನು ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ಕೂರಿಸಿ, ಸಮುದ್ರದಲ್ಲಿ ಒಂದು ಬೆರಳೂ ಅದ್ದದ ಆ ಪಾದಗಳನ್ನು ತೊಳೆದರು. ಬಾಟಲಿಗಳಿಗೆ ಕುಂಕುಮ ಹಚ್ಚಿ ಚಮಚ ಚಮಚ ಹಂಚಿದರು.

"ಭಟ್ಕಳಕಿಂತ ಮಲ್ಪೆ ಉಪ್ಪು ಜಾಸ್ತಿ ನೋಡ್ರಿ" ಎಂದರು ಗುರುಲಿಂಗಯ್ಯ, ನಾಲಿಗೆ ಚಪ್ಪರಿಸಿ. "ಹೊನ್ನಾವರ ಸಪ್ಪಗದ. ಯಾಕ? ಶರಾವತಿ ಬಂದು ಕೂಡ್ತದಲ್ಲ, ಅದಕ್ಕ. ಸೋಮವಾರ ಸಾಲಿ ಪ್ರಾರ್ಥನಾಕ್ಕ ಇದನ್ನೆಲ್ಲಾ ಪೋರಗೋಳಿಗಿ ಹೇಳ್ರಿ ಮಾಸ್ತರ."

ಮಾಸ್ತರರು ಬೆವರೊರೆಸಿಕೊಂಡು ತಲೆ ಎತ್ತಿದರೆ, ಬಳೆ ಬುಟ್ಟಿ ಹೊತ್ತು ಜಾನಬಿ ಎದುರಿಗೇ ನಿಂತಿದ್ದಳು.

"ಮಾಸ್ತರರ, ಮುಂಜಾನಿ ನಿಮ್ಮ ಪ್ರಯೋಗ..."

"ರಂಜನಾಗ ಒಂದ್ ಡಜನ್ ಹಸರ ಬಳಿ ಇಡು ಜಾನಬಿ."

"ಇಡ್ತೀನ್ರಿ. ಆದ್ರ ಈ ಬಾಟಲಿ..."

"ಕೆಂಪೂ ಒಂದ್ ಡಜನ್."

ಜಾನಬಿ ಬಾಯಿ ತೆರೆದಾಗಲೆಲ್ಲ ಒಂದು ಡಜನ್. ರಂಜನಾಗೆ ಮೊಣಕೈ ತನಕ ಬಳೆ ಏರಿದವು. ಮದುವೆಯಾದಾಗಿನಿಂದ ಗಂಡ ಒಂದು ಬಳೆ ಕೊಡಿಸಿದ್ದನ್ನು ಕಂಡವಳಲ್ಲ ಆಕೆ. ಗಂಡನನ್ನೇ ದಿಟ್ಟಿಸಿ ಕೇಳಿದಳು, "ಖರೇ ಹೇಳ್ರಿ, ಆ ದೋಣ್ಯಾಗ ಯಾರರೆ ಹೆಣ್ಣಮಕ್ಕಳಿದ್ರೇನು?"

ಮಾಸ್ತರರು ದೇವರ ಮೇಲೆ ಆಣೆ ಹಾಕಿದರು. ಇಲ್ಲ ಎಂದರೂ ಆಕೆ ನಂಬುವ ಮುಖ ಮಾಡಲಿಲ್ಲ.

ಅತ್ತ ರುಕ್ಮಿಣಿಬಾಯಿ ತಮ್ಮ ಪಾಲಿನ ಚಮಚಗಳಿಗೆ ಕೈ ಒಡ್ಡಿದ್ದರು. ಎಂಟೂ ಬಾಟಲಿಯ ನೀರನ್ನು ತಲೆಗೆ ಹಾಕಿಕೊಂಡು, ನಾಲಿಗೆಗೆ ಮುಟ್ಟಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರು. ಅದನ್ನು ನೋಡಿ ಮಾಸ್ತರರಿಗೆ ನಿಜವಾಗಿಯೂ ನಾಚಿಕೆಯಾಯಿತು. ಜನ ಕರಗಿ, ರಂಜನಾ ಒಳಗೆ ಹೋದ ಮೇಲೆ ಬಾಟಲಿಗಳನ್ನು ತೊಳೆಯಲು ಒಯ್ದಿದ್ದ ಮುದುಕಿ ಮರಳಿ ಬಂದು ಪಕ್ಕದಲ್ಲಿ ಕೂತರು.

"ಆನಂದಾ, ಮಳಖೇಡ ನನ್ನ ತವರಮನಿ. ಹದಿನೆಂಟ್ ವರ್ಷ ಕಾಗಿಣಾ ಕುಡದು ಬೆಳದಕಿ ನಾ. ಉಪ್ಪು ಹಾಕಿದ್ರ ಗುರ್ತು ಸಿಗಂಗಿಲ್ಲೇನು?"

ಮಾಸ್ತರರು ಚಿಕ್ಕಮ್ಮನಂತಿದ್ದ ಮುದುಕಿಗೆ ಕೈ ಜೋಡಿಸಿದರು. "ತಪ್ಪಾತು ಮೌಶಿ. ಯಾರ ಮುಂದೂ ಹೇಳಬ್ಯಾಡ್ರಿ."

"ನಾ ಯಾಕ ಹೇಳ್ಲಿ. ಭಾಳ ದಿನದ ಮ್ಯಾಲ ತವರಮನಿ ನೀರು ಕುಡಸಿದಿ, ಕಣ್ಣಾಗ ನೀರೇ ಬಂತು."

ಮಾಸ್ತರರು ಉಸಿರು ಬಿಟ್ಟರು. ಆ ಉಸಿರು ಪೂರ್ತಿ ಹೊರಬೀಳುವ ಮೊದಲೇ ಅವರ ತೊಡೆಯ ಮೇಲೆ ಎಂಟು ಬಾಟಲಿ ಬಂದು ಕೂತವು. ತೊಳೆದು ಒರೆಸಿದವು, ಚೀಟಿಗಳೂ ಹೊಸವು.

"ಕಪಿಲಗ ಈಗ ಫೋನ್ ಮಾಡಿದ್ದೆ. ದೀಪಾವಳಿ ಸೂಟಿಗಿ ನಾನೂ ನೀನೂ, ಎಂಟೂ ಬಂದರು. ಸರ್ ಈ ಸಲ ಇಳೀತೀನಂದ್ರ ಹಾಯಿ ಕಂಬಕ್ಕ ಕಟ್ತೀನಿ ಅಂದಾನ."

"ನಂಗ ಆಗಂಗಿಲ್ಲಂದ್ರ, ಮೌಶಿ?"

"ಆಗಂಗಿಲ್ಲಂದ್ರ ಸೋಮವಾರ ಪ್ರಾರ್ಥನಾಕ್ಕ ನಾನೂ ಬರ್ತೀನಪ್ಪ."

ಅಷ್ಟರಲ್ಲಿ ಬಾಗಿಲ ಹಿಂದೆ ನಾಲ್ಕು ಡಜನ್ ಬಳೆ ಸದ್ದು ಮಾಡಿದವು. "ದೀಪಾವಳಿಗೇನ್ರಿ? ಹಂಗಾದ್ರ ನಾನೂ ಬರ್ತೀನಿ" ಎಂದಳು ರಂಜನಾ. "ಆ ದೋಣ್ಯಾಗ ಯಾರದಾಳ, ನಾನೂ ಒಂದ್ ಸಲ ನೋಡಬೇಕು."