ಮೊದಲ ರೈಲು ನಿಲ್ಲಿಸಿದವರು

ಮೇಲಧಿಕಾರಿಯ ಫೋನು ಬಂದಾಗ ಸ್ಟೇಷನ್ ಮಾಸ್ಟರು ಹಲ್ಲುಜ್ಜುತ್ತಿದ್ದರು.

"ನಿಮ್ಮ ಸ್ಟೇಷನ್ನಿಗೆ ಇವತ್ತಿಗೆ ನೂರು ವರ್ಷವಂತೆ. ಸಂಜೆ ಗಾಡಿಗೆ ಬರ್ತೀನಿ. ಊರು, ಸ್ಟೇಷನ್ನು ಎರಡರದ್ದೂ ಇತಿಹಾಸ ಬರೆದಿಡಿ. ಊರಿನ ಮೂವರು ಹಿರಿಯರ ಸಹಿ ಇರಬೇಕು. ನಿಮ್ಮ ವರ್ಗಾವಣೆ ಆರ್ಡರು ಜೇಬಲ್ಲೇ ತರ್ತೀನಿ."

ಮಾಸ್ಟರು ಬಾಯಿ ಮುಕ್ಕಳಿಸುವುದನ್ನೇ ಮರೆತರು. ಹೆಂಡತಿ ಮಕ್ಕಳನ್ನು ದೂರದ ಊರಲ್ಲಿ ಬಿಟ್ಟು, ತಾವು ಬೇಯಿಸಿದ್ದನ್ನು ತಾವೇ ತಿನ್ನುವ ಶಿಕ್ಷೆ ಅನುಭವಿಸುತ್ತ ನಾಲ್ಕು ವರ್ಷದಿಂದ ಆ ಕಾಗದಕ್ಕೇ ಬಾಯಿಬಾಯಿ ಬಿಡುತ್ತಿದ್ದವರು ಅವರು.

ಬೀರುವಿನ ತಳದಲ್ಲಿ ಹಳೆಯ ಡೈರಿ ಸಿಕ್ಕಿತು. ಇತಿಹಾಸವೆಲ್ಲ ಒಂದೇ ಸಾಲು: 'ಎಂಜಿನ್ನಿನಲ್ಲಿ ನೀರು ಮುಗಿದದ್ದರಿಂದ ಗಾಡಿ ಇಲ್ಲಿ ನಿಂತಿತು.' ಅಂದು ನಿಂತದ್ದು ಅಭ್ಯಾಸವಾಗಿ, ಆಮೇಲೆ ಒಂದು ಸ್ಟೇಷನ್ನೂ ಕಟ್ಟಿದ್ದರು. ಮಾಸ್ಟರು ಅದನ್ನೇ ದುಂಡಗೆ ಬರೆದುಕೊಂಡು ಊರಿನ ಮೂವರು ಹಿರಿಯರ ಸಹಿಗೆ ಹೊರಟರು.

ಟೈಲರು ಮೆಷಿನ್ ನಿಲ್ಲಿಸಿ ಓದಿದ. "ಇದರಲ್ಲಿ ನಮ್ಮಜ್ಜ ಎಲ್ಲಿ?"

"ಯಾವ ಅಜ್ಜ?"

"ಕೆಂಪು ಬಟ್ಟೆ ಬೀಸಿ ಗಾಡಿ ನಿಲ್ಲಿಸಿದವನು ಮತ್ಯಾರು? ಮೊದಲು ಅಜ್ಜನನ್ನ ಸೇರಿಸಿ, ಆಮೇಲೆ ಸಹಿ."

ಕ್ಷೌರದಂಗಡಿಯವನು ಗಿರಾಕಿಯ ಅರ್ಧ ಮೀಸೆ ಬಿಟ್ಟು ಎದ್ದು ಬಂದ. "ಬಟ್ಟೆಯೂ ಇಲ್ಲ, ಗಿಟ್ಟೆಯೂ ಇಲ್ಲ. ಡ್ರೈವರು ಗಾಡಿ ನಿಲ್ಲಿಸಿದ್ದು ನಮ್ಮಜ್ಜನ ಹತ್ತಿರ ಗಡ್ಡ ಮಾಡಿಸ್ಕೊಳ್ಳೋಕೆ!"

ಹಿಟ್ಟಿನ ಗಿರಣಿಯವನು ಮುಖದ ಹಿಟ್ಟನ್ನೂ ಒರೆಸಿಕೊಳ್ಳದೆ ಗುಡುಗಿದ. "ಹಳಿ ಮೇಲೆ ಮಲಗಿದ್ದು ನಮ್ಮಜ್ಜನ ಎಮ್ಮೆ ಸ್ವಾಮಿ. ಎಮ್ಮೆ ಬಿಟ್ಟು ಇತಿಹಾಸ ಬರೆದ್ರೆ ನಾನು ಸುಮ್ಮನಿರಲ್ಲ."

ಮಧ್ಯಾಹ್ನಕ್ಕೆ ಮೂವರೂ ಸ್ಟೇಷನ್ನಿಗೇ ಬಂದು ಕೂಗಾಡತೊಡಗಿದರು. ಹಿಂದೊಮ್ಮೆ ಬೀದಿದೀಪ ಎಲ್ಲಿ ಹಾಕಬೇಕೆಂಬುದಕ್ಕೂ ಒಪ್ಪದೆ ಊರನ್ನೇ ಕತ್ತಲಲ್ಲಿಟ್ಟ ಮಹಾನುಭಾವರು ಇವರು. ಮಾಸ್ಟರಿಗೆ ಅಳುವೇ ಬಂತು. ಗಡಿಯಾರ ನೋಡಿದರು, ಸತ್ಯವನ್ನು ಹರಿದು ಬುಟ್ಟಿಗೆ ಹಾಕಿದರು, ಹೊಸ ಹಾಳೆ ತೆಗೆದರು. ಹಳಿ ಮೇಲೆ ಎಮ್ಮೆ ಮಲಗಿತು. ಅದನ್ನು ಕಂಡು ಟೈಲರಜ್ಜ ಕೆಂಪು ಬಟ್ಟೆ ಬೀಸಿದ. ಎಮ್ಮೆ ಏಳುವ ತನಕ ಡ್ರೈವರು ಗಡ್ಡ ಮಾಡಿಸಿಕೊಂಡ. ಮೂರು ಸಹಿಗಳು ಟಪಟಪನೆ ಬಿದ್ದವು.

ಸಂಜೆ ಅಧಿಕಾರಿ ಆ ಮೂವರು ಹಿರಿಯರ ಎದುರಿಗೇ ಪ್ಲಾಟ್‌ಫಾರಮ್ಮಿನ ಮೇಲೆ ನಿಂತು ಓದಿದರು. ಎಮ್ಮೆಯ ಹತ್ತಿರ ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು, ಗಡ್ಡದ ಹತ್ತಿರ ಕಣ್ಣೊರೆಸಿಕೊಂಡರು.

"ಅದ್ಭುತ! ಇಂಥ ಕತೆ ಇಡೀ ಲೈನಿನಲ್ಲೇ ಇಲ್ಲ. ವೇಟಿಂಗ್ ರೂಮನ್ನ ಮ್ಯೂಸಿಯಂ ಮಾಡೋಣ. ನೋಡೋಕೆ ಬಂದವರಿಗೆ ದಿನಾ ನೀವೇ ವಿವರಿಸಬೇಕು. ಈ ಊರಿನ ವಿಷಯ ಇಷ್ಟು ತಿಳಿದವರು ಬೇರೆ ಯಾರಿದ್ದಾರೆ?" ಎಂದವರೇ ಜೇಬಿನಿಂದ ಆರ್ಡರು ತೆಗೆದು ನಾಲ್ಕು ಚೂರು ಮಾಡಿದರು.

ಮಾಸ್ಟರು ಚೂರುಗಳನ್ನು ಆಯ್ದುಕೊಳ್ಳಲು ಬಗ್ಗಿದರು. "ಸಾರ್, ಅದೆಲ್ಲ ಸುಳ್ಳು! ಎಮ್ಮೆ, ಬಟ್ಟೆ, ಗಡ್ಡ, ಒಂದೂ ನಿಜವಲ್ಲ. ನಾನೇ ಕಟ್ಟಿದ ಕತೆ!"

ಅಧಿಕಾರಿ ಹುಬ್ಬು ಗಂಟಿಕ್ಕಿ ಹಿರಿಯರ ಕಡೆ ತಿರುಗಿದರು. ಆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಟ್ಟಿದ ಮೇಲೆ ಮೊದಲ ಸಲ ಅವರ ಬಾಯಲ್ಲಿ ಒಂದೇ ಮಾತು ಬಂತು:

"ಪ್ರತಿ ಅಕ್ಷರವೂ ನಿಜ ಸಾರ್. ನಮ್ಮ ಮಾಸ್ಟರಿಗೆ ಸ್ವಲ್ಪ ಸಂಕೋಚ ಜಾಸ್ತಿ."