ಮೂಡಣ ಕಿಟಕಿಯ ಮಹಾಸಮರ

ಮೊದಲ ವಂದನೆ ಸಹಸ್ರಕಿರಣನಾದ ದಿನಮಣಿಗೆ. ಈ ಗಾಥೆಯಲ್ಲಿ ಎರಡು ಮಹಾಶಕ್ತಿಗಳು ಹನ್ನೊಂದು ದಿನ ಹೋರಾಡಿದ್ದು ಬೆಳಗಿನ ಏಳರಿಂದ ಹತ್ತರವರೆಗೆ ಆತ ಉದಾರವಾಗಿ ಚೆಲ್ಲುವ ಒಂದು ಚೌಕ ಬಿಸಿಲಿಗಾಗಿ. ಎರಡನೆಯ ವಂದನೆ ವಾಗ್ದೇವಿಗೆ. ಕಥೆ ಮುಗಿಯುವವರೆಗೂ ಆಕೆ ನನ್ನ ನಾಲಗೆಯ ಮೇಲೆ ಕುಳಿತಿರಲಿ, ಸ್ಥಳ ಇಕ್ಕಟ್ಟಾದರೆ ಸ್ವಲ್ಪ ಹೊಂದಿಸಿಕೊಳ್ಳಲಿ.

ಜಗತ್ತನ್ನೆಲ್ಲ ಅಂಗೈಯೊಳಗಿನ ಗಾಜಿನಲ್ಲಿ ನೋಡಿಬಿಡುವ ಮನುಷ್ಯನಿಗೆ ಸ್ವಂತ ಪಡಸಾಲೆಯಲ್ಲಿ ಕಾಲು ಚಾಚಲು ಜಾಗ ಸಿಗದಂಥ ಯುಗವದು. ಆ ಯುಗದಲ್ಲಿ, ಗದಗ ಪಟ್ಟಣದ ಕಿರಿದಾದ ಓಣಿಯೊಂದರಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಮಾಳಿಗೆಮನೆಯಲ್ಲಿ, ರೊಟ್ಟಿತಾಡನಪ್ರವೀಣೆಯೂ ಕ್ಷೀರೋದ್ರೇಕನಿವಾರಿಣಿಯೂ ಆದ ದಾಕ್ಷಾಯಣಿ ಎಂಬ ವೀರಾಂಗನೆ ವಾಸವಾಗಿದ್ದಳು. ಹಾಲು ಉಕ್ಕುವುದಕ್ಕೆ ಒಂದು ಕ್ಷಣ ಮೊದಲು, ಬೆನ್ನು ತಿರುಗಿಸಿಕೊಂಡೇ ಒಲೆ ಆರಿಸುವ ವಿದ್ಯೆ ಅವಳಿಗೆ ಸಿದ್ಧಿಸಿತ್ತು. ಮದುವೆಗೆ ಮುಂಚೆ ಶಿಕ್ಷಕರ ತರಬೇತಿಯನ್ನು ಮೊದಲ ದರ್ಜೆಯಲ್ಲಿ ಮುಗಿಸಿದ್ದಳು. ಆ ಪ್ರಮಾಣಪತ್ರ ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ, ಹತ್ತು ವರ್ಷಗಳಿಂದ ಕಠೋರ ತಪಸ್ಸಿನಲ್ಲಿತ್ತು.

ಅವಳ ಪತಿ, ಟಿಕೆಟ್‌ವಿತರಣಧುರಂಧರ ಫಕ್ಕೀರೇಶ, ಬಸ್ ಕಂಡಕ್ಟರ್. ಐವತ್ತು ಜನ ಕೂರುವ ರಥದಲ್ಲಿ ತೊಂಬತ್ತು ಜನರನ್ನು ತುಂಬಿ, ತೊಂಬತ್ತೊಂದನೆಯವನಿಗೂ ಕಾಲೂರಲು ಜಾಗ ತೋರಿಸಬಲ್ಲ ಮಹಾರಥಿ. ಇವರಿಗೆ ವಚನಾ ಎಂಬ ಎಂಟು ವರ್ಷದ ಒಬ್ಬಳೇ ಮಗಳು.

ಮಗುವಿಗೆ ಓದು ಬರುತ್ತಿತ್ತು, ಆದರೆ ಸಾವಕಾಶವಾಗಿ ಬರುತ್ತಿತ್ತು. ಐವತ್ತೆಂಟು ಮಕ್ಕಳ ತರಗತಿಯಲ್ಲಿ ಎದ್ದು ನಿಂತು, ಅಕ್ಷರದ ಕೆಳಗೆ ಬೆರಳಿಟ್ಟು, ವಾಕ್ಯದ ಮೂರನೆಯ ಪದಕ್ಕೆ ಅವಳು ತಲುಪುವಷ್ಟರಲ್ಲಿ ಹಿಂದಿನ ಬೆಂಚಿನಿಂದ ನಗು ಏಳುತ್ತಿತ್ತು. ಕೆಲವೇ ತಿಂಗಳಲ್ಲಿ ಬೆಳಗಿನ ಎಂಟಕ್ಕೆ ಸರಿಯಾಗಿ ಅವಳಿಗೆ ಹೊಟ್ಟೆನೋವು ಬರತೊಡಗಿತು. ಔಷಧಿ ನಾಟಲಿಲ್ಲ. ರವಿವಾರ ಮಾತ್ರ ನೋವು ರಜೆ ತೆಗೆದುಕೊಳ್ಳುತ್ತಿತ್ತು. ಇದನ್ನು ಮೊದಲು ಗಮನಿಸಿದವಳು ದಾಕ್ಷಾಯಣಿ. ಒಂದು ವರ್ಷ ಮನೆಯಲ್ಲೇ ಕಲಿಸೋಣ, ಆಮೇಲೆ ನೋಡೋಣ ಎಂದು ಗಂಡ ಹೆಂಡತಿ ಮಾತಾಡಿಕೊಂಡರು. ಟ್ರಂಕು ತೆರೆಯಿತು. ಪ್ರಮಾಣಪತ್ರ ನುಸಿಗುಳಿಗೆಯ ದಿವ್ಯಸುಗಂಧದೊಡನೆ ಹೊರಬಂದು ಮೊಳೆಯೊಂದಕ್ಕೆ ತೂಗುಬಿದ್ದಿತು.

ಇನ್ನು ವಿದ್ಯಾಪೀಠಕ್ಕೆ ಭೂಮಿ ಬೇಕಾಗಿತ್ತು. ಕೈಯಲ್ಲಿ ಅಳತೆ ಟೇಪು ಹಿಡಿದು ಆ ವೀರಾಂಗನೆ ಸಮಸ್ತ ಸಾಮ್ರಾಜ್ಯವನ್ನು, ಎಂದರೆ ಎರಡೂವರೆ ಕೋಣೆಗಳನ್ನು, ಸಂಚರಿಸಿದಳು. ಅಡುಗೆಮನೆಯಲ್ಲಿ ಒಗ್ಗರಣೆಯ ಘಾಟು. ಮಲಗುವ ಕೋಣೆಯಲ್ಲಿ ಹಗಲು ಹನ್ನೆರಡಕ್ಕೂ ಗವಿಯ ಕತ್ತಲು. ಪಡಸಾಲೆಯ ಪಡುವಣ ಮೂಲೆಗೆ ಬಚ್ಚಲಿನ ಬಾಗಿಲು ಬಂದು ಬಡಿಯುತ್ತಿತ್ತು. ಉಳಿದದ್ದು ಒಂದೇ ಒಂದು ಪುಣ್ಯಸ್ಥಳ: ಪಡಸಾಲೆಯ ಮೂಡಣ ಕಿಟಕಿ. ಅಲ್ಲಿ ಬೆಳಕಿತ್ತು, ಗಾಳಿಯಿತ್ತು, ಕಣ್ಣಿಗೆ ಹಿತವೆನ್ನಿಸುವ ಒಂದು ತುಂಡು ಆಕಾಶವಿತ್ತು.

ಅಲ್ಲಿ ಅತ್ತೆಯೂ ಇದ್ದಳು.

ಕುಪ್ಪಸಕುಲತಿಲಕೆ, ಕರ್ತರೀಧಾರಿಣಿ, ದೃಷ್ಟಿಮಾತ್ರಮಾಪನನಿಪುಣೆ ಎಂದು ಮುಂತಾಗಿ ಬಿರುದಾಂಕಿತಳಾದ ಸಂಗವ್ವ, ಮೂವತ್ತೆಂಟು ವರ್ಷಗಳಿಂದ ಆ ಕಿಟಕಿಯ ಕೆಳಗೆ ತನ್ನ ಕಾಲುತುಳಿತದ ಹೊಲಿಗೆ ಮಿಷಿನ್ನಿನ ಮೇಲೆ ಆರೂಢಳಾಗಿದ್ದಳು. ಹೆಂಗಸೊಬ್ಬಳು ಓಣಿಯಲ್ಲಿ ನಡೆದುಹೋಗುವುದನ್ನು ಮೇಲಿನಿಂದ ನೋಡಿಯೇ ಆಕೆಯ ತೋಳಿನ ಅಳತೆ ಹೇಳುತ್ತಿದ್ದವಳು. ಗಂಡ ತೀರಿಕೊಂಡ ಮೇಲೆ ಮಗನನ್ನು ಓದಿಸಿ ಕಂಡಕ್ಟರ್ ಮಾಡಿದ್ದು ಇದೇ ಮಿಷಿನ್ನು. ಸುತ್ತಲಿನ ಮೂರು ಓಣಿಗಳ ಬೆನ್ನುಗಳೆಲ್ಲ ಅವಳ ಹೊಲಿಗೆಗೆ ಋಣಿಯಾಗಿದ್ದವು.

ಯುದ್ಧಕ್ಕೆ ಮುಂಚೆ ಸಂಧಾನ ನಡೆಯಬೇಕೆಂಬುದು ವೀರರ ಪದ್ಧತಿ. ದೂತನಾಗಿ ಫಕ್ಕೀರೇಶ ನಡೆದನು. ತಾಯಿಯ ಬಳಿ ಕುಳಿತು, ಮಿಷಿನ್ನು ಒಳಕೋಣೆಗೆ ಹೋದರೆ ಆಕೆಗೆ ಓಣಿಯ ಧೂಳು ತಪ್ಪುತ್ತದೆ, ಬಿಸಿಲು ತಾಗುವುದಿಲ್ಲ, ವಿಶ್ರಾಂತಿಯೂ ಸಿಗುತ್ತದೆ ಎಂದು ಸುತ್ತಿ ಬಳಸಿ ಮೂಗು ಹಿಡಿಯುವ ರೀತಿಯಲ್ಲಿ ವಿಷಯ ಮಂಡಿಸಿದನು. ಸಂಗವ್ವ ಎಲ್ಲವನ್ನೂ ಕೇಳಿ, ಅವನ ಅಂಗಿಯ ಗುಂಡಿ ಸಡಿಲವಾಗಿದೆಯೆಂದು ಅದನ್ನು ಭದ್ರಪಡಿಸಿ, ಉಂಡಿದ್ದೀಯೋ ಇಲ್ಲವೋ ಎಂದು ವಿಚಾರಿಸಿದಳು. ದೂತನು ಎರಡು ರೊಟ್ಟಿ, ಬದನೆಕಾಯಿ ಪಲ್ಯ ತಿಂದು, ಬಂದ ಕೆಲಸ ಮರೆತು ಹಿಂತಿರುಗಿದನು.

ಆಗ ದಾಕ್ಷಾಯಣಿ ತಾನೇ ಹೋಗಿ ಎದುರು ನಿಂತಳು. ಗಿರಿಗಳು ಚಲಿಸಿಯಾವು, ಸಾಗರಗಳು ಬತ್ತಿಯಾವು, ಅಷ್ಟತ್ರಿಂಶದ್ವರ್ಷಪರ್ಯಂತ ಅವಿಚ್ಛಿನ್ನವಾಗಿ ಆಳಿದ ಈ ವಾತಾಯನರಾಜ್ಯವನ್ನು ತೊರೆದು ಈ ಲೋಹತುರಂಗವು ಒಂದಂಗುಲವೂ ಕದಲದೆಂದು ತಿಳಿ, ಎಲೈ ಸೊಸೆಯೇ, ಎಂಬ ಭಾವವೆಲ್ಲ ಅಡಗಿದ ಮಹಾವಾಕ್ಯವನ್ನು ಸಂಗವ್ವ ಹಲ್ಲಿನ ನಡುವೆ ಕಚ್ಚಿದ್ದ ದಾರವನ್ನು ತೆಗೆಯದೆಯೇ ನುಡಿದಳು:

“ನಾ ಏಳಂಗಿಲ್ಲ.”

ಕಲಿಸುವೆನೆಂದು ಕೈಯೆತ್ತಿದವಳ ಕೈ ಇಳಿಯದು, ಮಗಳ ಕಣ್ಣಿಗೆ ಬೆಳಕು ತಾರದೆ ಈ ತೋಳಿಗೆ ವಿಶ್ರಾಂತಿಯಿಲ್ಲ, ಎಲೈ ಕರ್ತರೀಧಾರಿಣಿ, ನಿನ್ನ ಕತ್ತರಿಗೆ ನನ್ನ ಸಂಕಲ್ಪ ಹರಿಯದು ಎಂಬ ಅಷ್ಟೇ ಘನವಾದ ಅರ್ಥವನ್ನು ಒಳಗೊಂಡಂತೆ ದಾಕ್ಷಾಯಣಿಯೂ ಮರುನುಡಿದಳು:

“ನಾನೂ ಬಿಡಂಗಿಲ್ರಿ, ಅತ್ತಿ.”

ಹೀಗೆ ಸಮರ ಘೋಷಣೆಯಾಯಿತು. ಇಬ್ಬರೂ ಒಟ್ಟಿಗೆ ಕುಳಿತು ಅವರೆಕಾಯಿ ಸುಲಿದರು, ಏಕೆಂದರೆ ಸಂಜೆಗೆ ಸಾರು ಆಗಬೇಕಿತ್ತು.

ಮರುದಿನದಿಂದ ಸನ್ನಾಹ. ದಾಕ್ಷಾಯಣಿ ಹಳೆಯ ಬಾಗಿಲಿನ ಹಲಗೆಯೊಂದನ್ನು ಉಜ್ಜಿ, ಗಿಡ್ಡ ಕಾಲು ಹೊಡೆಸಿ, ಹಳದಿ ಬಣ್ಣ ಬಳಿದು ಮಗುವಿನ ಎತ್ತರಕ್ಕೆ ಒಂದು ಮೇಜು ಸಿದ್ಧಪಡಿಸಿದಳು. ತವರಿನ ಕೆಂಪು ಜಮಖಾನೆ ಬಂತು. ಮೆಣಸಿನಕಾಯಿ ಡಬ್ಬಿಯೊಂದು ತೊಳೆಸಿಕೊಂಡು ಪೆನ್ಸಿಲ್ ಡಬ್ಬಿಯ ಪದವಿಗೇರಿತು. ಆದರೂ ಮುಂದೆ ಬಹುದಿನ ಪೆನ್ಸಿಲ್ ಕಚ್ಚಿದವರಿಗೆಲ್ಲ ತನ್ನ ಪೂರ್ವಾಶ್ರಮವನ್ನು ನೆನಪಿಸುತ್ತಿತ್ತು. ಕಾಗದದಲ್ಲಿ ಕತ್ತರಿಸಿದ ಐವತ್ತು ಅಕ್ಷರಗಳು ದಾರಕ್ಕೆ ಪೋಣಿಸಿಕೊಂಡು ತೋರಣವಾದವು. ಈ ಸಕಲ ಸೈನ್ಯವೂ ಬಚ್ಚಲಿನ ಬಾಗಿಲ ಬಳಿ ಬೀಡುಬಿಟ್ಟು, ಸ್ನಾನಕ್ಕೆ ಹೋಗುವವರೆಲ್ಲ ಮೇಜನ್ನು ದಾಟಿ ಹೋಗಬೇಕಾಯಿತು.

ಸಂಗವ್ವನೂ ಸುಮ್ಮನೆ ಕೂರಲಿಲ್ಲ. ಓಣಿಯ ಹೆಂಗಸರಿಗೆ ಹೇಳಿಕಳಿಸಿ ಒಂಬತ್ತು ಕುಪ್ಪಸ, ಒಂದು ಕೌದಿ ಒಪ್ಪಿಕೊಂಡಳು. ಹಳೆಯ ಸೀರೆ ಧೋತರಗಳ ಚೂರುಗಳನ್ನು ಪದರು ಪದರಾಗಿ ಜೋಡಿಸಿ ಹೊಲಿಯುವ ಆ ಹೊದಿಕೆಗೆ ಎಷ್ಟು ಜಾಗ ಬೇಕೆಂಬುದನ್ನು ಬಲ್ಲವರೇ ಬಲ್ಲರು. ಚೂರುಬಟ್ಟೆಗಳ ಚತುರಂಗಬಲ ಕಿಟಕಿಯಿಂದ ಹೊರಟು ಪಡಸಾಲೆಯ ಮಧ್ಯದವರೆಗೆ ಪಸರಿಸಿತು.

ಅತ್ತೆ ಮಠಕ್ಕೆ ಹೋದಾಗ ಸೊಸೆ ಮೇಜನ್ನು ಎರಡು ಗೇಣು ಮುಂದಕ್ಕೆ ನೂಕುವಳು. ಸೊಸೆ ನೀರು ತುಂಬಲು ಇಳಿದಾಗ ಅತ್ತೆ ಅದರ ಮೇಲೆ ಕೌದಿ ಹರವುವಳು. ನಾಲ್ಕನೆಯ ದಿನ ಅಕ್ಷರತೋರಣ ಕಿಟಕಿಯ ಸರಳಿಗೇರಿತು. ಐದನೆಯ ದಿನ ಅದರ ಮೇಲೆ ಅಳತೆಗೆಂದು ಬಂದ ಒಂದು ಕುಪ್ಪಸ ತೂಗಿ, ‘ಅ’ದಿಂದ ‘ಔ’ವರೆಗಿನ ಸ್ವರಗಳೆಲ್ಲ ಅದೃಶ್ಯವಾದವು. ಫಕ್ಕೀರೇಶ ಊಟದ ಹೊತ್ತಿಗೆ ಬಂದು ಎರಡೂ ಪಕ್ಷಗಳ ದೂರು ಕೇಳಿ, ಎರಡೂ ಪಕ್ಷಗಳಿಗೂ ನಿಮ್ಮದೇ ಸರಿ ಎಂದು ತಲೆಯಾಡಿಸಿ, ಡ್ಯೂಟಿಗೆ ಪಲಾಯನ ಮಾಡುತ್ತಿದ್ದನು. ವಚನಾ ಮಾತ್ರ ಎರಡು ಸೇನೆಗಳ ನಡುವಿನ ನಿರ್ಜನಪ್ರದೇಶದಲ್ಲಿ ಕುಳಿತು ಚೂರುಬಟ್ಟೆಗಳನ್ನು ಬಣ್ಣದ ಪ್ರಕಾರ ವಿಂಗಡಿಸುತ್ತಿದ್ದಳು. ಅವಳಿಗೆ ಹೊಟ್ಟೆನೋವು ಬಂದಿರಲಿಲ್ಲ.

ಹನ್ನೊಂದನೆಯ ದಿನ ರವಿವಾರ. ಕಂಡಕ್ಟರನಿಗೆ ವಾರದ ರಜೆ, ಪಲಾಯನಕ್ಕೆ ಮಾರ್ಗವಿಲ್ಲ. ಬೆಳಗಿನ ಎಂಟರ ಹೊತ್ತಿಗೆ ಆ ಚೌಕ ಬಿಸಿಲು ಮಿಷಿನ್ನಿನ ಮೇಲೆ ಬಂದು ನಿಂತಿತ್ತು. ದಾಕ್ಷಾಯಣಿ ಸೆರಗನ್ನು ಸೊಂಟಕ್ಕೆ ಬಿಗಿದು, ಆ ಲೋಹತುರಂಗದ ಕಬ್ಬಿಣದ ಪಾದವನ್ನು ಎರಡೂ ಕೈಗಳಿಂದ ಹಿಡಿದು ಎಳೆದಳು. ಮೂವತ್ತೆಂಟು ವರ್ಷ ನಿಂತಲ್ಲೇ ನಿಂತಿದ್ದ ತುಕ್ಕುಗಾಲಿಗಳು ದಿಕ್ಕುಗಳು ಬೆಚ್ಚುವಂತೆ ಕಿರುಚಿ ಉರುಳಿದವು. ಸಂಗವ್ವ ಪೆಡಲಿನ ಮೇಲೆ ಕಾಲಿಟ್ಟು ಹೊಲಿಯತೊಡಗಿದಳು. ಮಿಷಿನ್ನು ಒಂದು ಗೇಣು ಸರಿಯಿತು. ಸ್ಟೂಲು ಸಮೇತ ಅವಳೂ ಒಂದು ಗೇಣು ಸರಿದು ಹೊಲಿದಳು. ಇನ್ನೊಂದು ಗೇಣು, ಮತ್ತೆ ಹೊಲಿದಳು. ಸೊಸೆ ಎಳೆಯುತ್ತ, ಅತ್ತೆ ಹೊಲಿಯುತ್ತ, ನಡುವೆ ಯಾರದೋ ಹಸಿರು ಕುಪ್ಪಸ ಓಡುತ್ತ, ಆ ಭೀಕರ ಮೆರವಣಿಗೆ ಕಿಟಕಿಯಿಂದ ಎರಡಡಿ ದೂರ ಬಂದಾಗ ಸೂಜಿ ಟಕ್ಕನೆ ಮುರಿಯಿತು.

ಎಲ್ಲವೂ ನಿಂತಿತು. ಕೆಳಗಿನ ಗಿರಣಿಗೂ ಆ ದಿನ ರಜೆಯಾದ್ದರಿಂದ ಮನೆ ಬಹಳ ಶಾಂತವಾಗಿತ್ತು.

ಸಂಗವ್ವ ಡಬ್ಬಿಯಿಂದ ಹೊಸ ಸೂಜಿ ತೆಗೆದು ಬೆರಳಿನ ಅಂದಾಜಿನಲ್ಲೇ ಕೂರಿಸಿದಳು. ದಾರದ ತುದಿಯನ್ನು ತುಟಿಗೆ ತಾಗಿಸಿ ಸೂಜಿಯ ಕಣ್ಣಿನತ್ತ ಒಯ್ದಳು. ದಾರ ಪಕ್ಕಕ್ಕೆ ಹೋಯಿತು. ಮತ್ತೆ ತುಟಿಗೆ ತಾಗಿಸಿದಳು. ಈ ಸಲ ಕೆಳಕ್ಕೆ ಹೋಯಿತು. ಮೂರು ಸಲ, ನಾಲ್ಕು ಸಲ. ನೆಲದ ಮೇಲೆ ಕುಳಿತಿದ್ದ ದಾಕ್ಷಾಯಣಿಯ ಕೈ ಮಿಷಿನ್ನಿನ ಪಾದವನ್ನು ಬಿಟ್ಟಿತು. ಅಳತೆಪಟ್ಟಿಯಿಲ್ಲದೆ ಓಣಿಯನ್ನೇ ಅಳೆದವಳು, ಮೂಗಿಗೆ ಒಂದು ಗೇಣು ದೂರದ ರಂಧ್ರವನ್ನು ಹುಡುಕುತ್ತಿದ್ದಳು. ಐದನೆಯ ಸಲವೂ ದಾರ ಹೊರಗೇ ಉಳಿಯಿತು.

“ಕಿಟಕಿ ಮುಂದ ಇದ್ರ ಹೆಂಗೋ ಅಂದಾಜಿಗೆ ಹೋಗತೈತಿ,” ಎಂದಳು ಸಂಗವ್ವ, ಯಾರ ಕಡೆಗೂ ನೋಡದೆ. “ಇಲ್ಲಿ ಏನೂ ಕಾಣವಲ್ದು. ಒಳಗಿನ ಖೋಲ್ಯಾಗ ಹಾಕಿದ್ರ ನನ್ನ ಕೈಕೆಲಸ ಮುಗದ್ಹಂಗ. ಅದಕ್ಕ ಬಿಡಲಿಲ್ಲ.”

ಯಾವಾಗಿನಿಂದ ಹೀಗೆ ಎಂದು ಮಗ ಕೇಳಿದ. ಕಳೆದ ದೀಪಾವಳಿಯಿಂದ ಎಂದಳು. ಹೇಳಿದರೆ ಬಟ್ಟೆ ಕೊಡುವವರು ಬೇರೆ ಕಡೆ ಹೋಗುತ್ತಾರೆಂದು, ಮನೆಯವರು ಸಾಕು ಬಿಡು ಎನ್ನುತ್ತಾರೆಂದು ಸುಮ್ಮನಿದ್ದಳಂತೆ. ದಾಕ್ಷಾಯಣಿ ಸೂಜಿಗೆ ಕೈ ಚಾಚಿದವಳು, ಅದು ಸರಿಯಲ್ಲವೆನ್ನಿಸಿ ಹಿಂದಕ್ಕೆ ತೆಗೆದುಕೊಂಡಳು.

ಚೂರುಬಟ್ಟೆಗಳ ನಡುವಿನಿಂದ ವಚನಾ ಎದ್ದು ಬಂದಳು. ಅಜ್ಜಿಯ ಮೊಣಕಾಲಿಗೆ ಒರಗಿ, ಸೂಜಿಯ ಕಣ್ಣನ್ನು ತಾನೂ ಒಂದು ಸಲ ನೋಡಿದಳು.

“ಅಜ್ಜಿ, ಸಾವಕಾಶ ಹಾಕು,” ಎಂದಳು. “ಇಲ್ಲಿ ಯಾರೂ ನಗಂಗಿಲ್ಲ.”

ಮಹಾಸಮರದ ವರ್ಣನೆಗಾರನಾದ ನಾನು ಇಲ್ಲಿ ಯಾವ ಸಮಾಸವನ್ನೂ ಕಟ್ಟಲಾರೆ. ಸಂಗವ್ವ ಮೊಮ್ಮಗಳತ್ತ ನೋಡಿ, ದಾರದ ತುದಿಯನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಿ, ಮತ್ತೆ ಹಿಡಿದಳು. ಯಾರೂ ಅವಸರ ಮಾಡಲಿಲ್ಲ. ಎಷ್ಟನೆಯ ಸಲವೋ ಯಾರೂ ಎಣಿಸಲಿಲ್ಲ. ದಾರ ಒಳಗೆ ಹೋಗಿ ಆಚೆ ತಲೆಯೆತ್ತಿತು.

ಆಗ ಫಕ್ಕೀರೇಶನ ಅಂಗಾಂಗಗಳಲ್ಲಿ ಹದಿನಾಲ್ಕು ವರ್ಷದ ಸೇವಾನುಭವ ಒಮ್ಮೆಲೇ ಜಾಗೃತವಾಯಿತು. ಕಿಕ್ಕಿರಿದ ವಾಹನಗಳಲ್ಲಿ ಸಾವಿರಾರು ಸಲ ನುಡಿದು ಸಿದ್ಧಿ ಪಡೆದ ಮಂತ್ರವನ್ನು ಅವನು ತನ್ನ ಪಡಸಾಲೆಯಲ್ಲಿ ಮೊದಲ ಬಾರಿ ಉಚ್ಚರಿಸಿದನು:

“ಇಬ್ರೂ ಒಂದೀಟು ಸರೀರಿ.”

ಮಿಷಿನ್ನನ್ನು ಕಿಟಕಿಗೆ ವಾಪಸು ಒಯ್ದು ಅಡ್ಡಲಾಗಿ ತಿರುಗಿಸಿ ಎಡಗೋಡೆಗೆ ಒತ್ತಿ ನಿಲ್ಲಿಸಿದರು. ಅದರ ಬಲಕ್ಕೆ ಮೂರಡಿ ಜಾಗ ಹುಟ್ಟಿತು. ಅಲ್ಲಿ ಹಳದಿ ಮೇಜು ಕುಳಿತಿತು. ಕೆಂಪು ಜಮಖಾನೆ ಅಗಲ ಹೆಚ್ಚಾಗಿ ಒಂದು ಅಂಚು ಮಡಚಿಕೊಂಡಿತು. ಅರ್ಧ ಹೊಲಿದ ಕೌದಿ ಗೋಡೆಯ ಕಡೆ ಮೆತ್ತಗಿನ ಒರಗಾಯಿತು. ಒಪ್ಪಂದದ ಶರತ್ತುಗಳು ಸ್ಥಳದಲ್ಲೇ ನಿರ್ಣಯವಾದವು: ಪಾಠದ ಹೊತ್ತಿನಲ್ಲಿ ಮಿಷಿನ್ನು ಸದ್ದು ಮಾಡಬಾರದು, ಹೊಲಿಗೆಯ ಹೊತ್ತಿನಲ್ಲಿ ಯಾರೂ ಮಿಷಿನ್ನನ್ನು ಎಳೆಯಬಾರದು, ಮಂಗಳವಾರ ಸಂಗವ್ವ ಕಣ್ಣಿನ ಡಾಕ್ಟರ ಬಳಿಗೆ ಬರಬೇಕು. ಮೂರನೆಯ ಶರತ್ತಿಗೆ ಆಕೆ ಒಂಬತ್ತು ಕುಪ್ಪಸ ಮುಗಿಯಲೆಂದು ತಕರಾರು ತೆಗೆದಳು. ಅದನ್ನು ಸೊಸೆ ಒಪ್ಪಲಿಲ್ಲ. ಕಾಜಾ, ಗುಂಡಿಯ ಕೆಲಸ ತಾನು ಮಾಡಿಕೊಡುತ್ತೇನೆ, ಮಂಗಳವಾರ ಎಂದರೆ ಮಂಗಳವಾರ ಎಂದಳು.

ಲೋಕವಿಖ್ಯಾತವಾಗಬೇಕಾಗಿದ್ದ ಆ ಹನ್ನೊಂದು ದಿನಗಳ ಸಮರದ ಲಾಭನಷ್ಟ ಇಷ್ಟು: ಮುರಿದದ್ದು ಒಂದು ಸೂಜಿ, ಗಾಯಗೊಂಡದ್ದು ಯಾರದೋ ಹಸಿರು ಕುಪ್ಪಸದ ಎಡತೋಳು, ಗೆದ್ದ ನೆಲ ಮೂರಡಿ ಉದ್ದ, ಎರಡೂವರೆ ಅಡಿ ಅಗಲ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ವಿದ್ಯಾಪೀಠ ಆರಂಭವಾಯಿತು. ದಾಕ್ಷಾಯಣಿ ಪುಸ್ತಕದ ಒಂದು ಸಾಲು ತೋರಿಸಿದಳು. ವಚನಾ ಬೆರಳಿಟ್ಟಳು. ಪಕ್ಕದಲ್ಲಿ ಸಂಗವ್ವ ಪೆಡಲಿನ ಮೇಲೆ ಕಾಲೆತ್ತಿ ಹಿಡಿದು, ತುಳಿಯದೆ ಕಾದಳು.

“ಕೋಳಿ,” ಎಂದಳು ಮಗು. ಬಹಳ ಹೊತ್ತಾಯಿತು. “ಗೋಡೆಯ.” ಬಿಸಿಲು ಮೇಜಿನ ಅಂಚಿಗೆ ಬಂತು. “ಮೇಲೆ.” ಎತ್ತಿ ಹಿಡಿದ ಕಾಲು ನೋಯತೊಡಗಿದರೂ ಸಂಗವ್ವ ಅದನ್ನು ಇಳಿಸಲಿಲ್ಲ. “ಹತ್ತಿತು.”

ಸಾಲು ಮುಗಿದಿತ್ತು. ಕೋಳಿ ಗೋಡೆಯ ಮೇಲೆ ಯಾಕೆ ಹತ್ತಿತು ಎಂದು ವಚನಾ ಕೇಳಿದಳು. ಪ್ರಥಮ ದರ್ಜೆಯ ಶಿಕ್ಷಕಿ ಪುಟ ತಿರುಗಿಸಿ ನೋಡಿದಳು. ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

“ಕೆಳಗ ಜಾಗಾ ಇರಲಿಲ್ಲಂತ ಕಾಣತೈತಿ,” ಎಂದು ಸಂಗವ್ವ ಪೆಡಲು ತುಳಿದಳು.

ಒಳಗೆ ಒಗ್ಗರಣೆ ಹಾಕಿದ ಮಂಡಕ್ಕಿ ಆರುತ್ತಿತ್ತು. ಆ ದಿನದ ಪಾಠ ಅಷ್ಟಕ್ಕೇ ನಿಂತಿತು.